ಪದಚರ್ಚೆ: ಗಾಳಿಯ ‘ಮೇಲುಗೈ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಹಾಯಿಹಡಗಿನ ಕಾಳಗದಲ್ಲಿ ಬರುವ ‘ವೆದರ್ ಗೇಜ್’ ಅನ್ನುವ ಇಂಗ್ಲಿಷ್ ಮಾತಿಗೆ ಒಂದು ಕನ್ನಡ ಪದಕ್ಕಾಗಿ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಹಾಯಿಹಡಗುಗಳ ಕಾಳಗದ ಆಟ ನಡೆಯುತ್ತದೆ. ಮೇಜಿನ ಮೇಲೆ ಆಡುವ ಆಟ. ನೀಲಿ ಹಾಳೆಯ ತುಂಬ ಆರು ಮೂಲೆಯ ಮನೆಗಳು. ಒಂದೊಂದು ಹಡಗೂ ಎರಡು ಮನೆ ಹಿಡಿಯುತ್ತದೆ, ಮೂತಿಗೆ ಒಂದು, ಬಾಲಕ್ಕೆ ಒಂದು. ಪ್ರತಿ ಹಡಗಿಗೂ ಒಂದು ಚೀಟಿ ಇರುತ್ತದೆ. ಅದರಲ್ಲಿ ಹಡಗಿನ ಮೈಗೆ ಇಷ್ಟು ಚೌಕ, ಹಾಯಿಗೆ ಇಷ್ಟು, ಫಿರಂಗಿಗೆ ಇಷ್ಟು, ಆಳುಗಳಿಗೆ ಇಷ್ಟು. ಪೆಟ್ಟು ಬಿದ್ದ ಹಾಗೆ ಪೆನ್ಸಿಲಿನಿಂದ ಒಂದೊಂದೇ ಚೌಕ ಹೊಡೆದುಹಾಕಬೇಕು. ಎಲ್ಲರೂ ತಮ್ಮ ನಡೆಯನ್ನು ಮೊದಲು ಗುಟ್ಟಾಗಿ ಬರೆದಿಡುತ್ತಾರೆ, ಆಮೇಲೆ ಒಟ್ಟಿಗೇ ಕಾಯಿ ನಡೆಸುತ್ತಾರೆ. ಚೀಟಿ ಹಾರುತ್ತವೆ ಅಂತ ಫ್ಯಾನ್ ಹಾಕುವುದಿಲ್ಲ. ಗಾಳಿಯ ದಿಕ್ಕು ತೋರಿಸಲು ಮೇಜಿನ ಮೂಲೆಯಲ್ಲಿ ಒಂದು ರಟ್ಟಿನ ಬಾಣ ಇದೆ.

ಆಡುವವರು ನನ್ನ ಅಕ್ಕನ ಮಗಳು, ತಮ್ಮನ ಮಗ, ಪಕ್ಕದ ಮನೆಯ ಇಬ್ಬರು ಮಕ್ಕಳು. ಅವರಿಗೋಸ್ಕರ ನಿಯಮಗಳನ್ನೆಲ್ಲ ಕನ್ನಡದಲ್ಲಿ ಬರೆಯಲು ಕೂತೆ. ಅರ್ಧ ಕೆಲಸ ಸಲೀಸಾಗಿ ಮುಗಿಯಿತು. ಚೌಕಾಬಾರ, ಹುಲಿ-ಕುರಿ ಆಡಿಕೊಂಡು ಬಂದ ಭಾಷೆ ನಮ್ಮದು. ಕಾಯಿ, ಮನೆ, ದಾಳ, ನಡೆ ಎಲ್ಲ ಕೈಯಳತೆಯಲ್ಲೇ ಇದ್ದವು. ಹಾಯಿ, ಚುಕ್ಕಾಣಿ, ಲಂಗರು ಅನ್ನುವುದಕ್ಕೂ ಯೋಚನೆ ಮಾಡಬೇಕಾಗಲಿಲ್ಲ. ಹಾಯಿ ಕಟ್ಟುವ ಕಂಬಕ್ಕೆ ನಿಘಂಟಿನಲ್ಲಿ ‘ಕೂವೆ’ ಇದೆ, ನನಗೆ ತುಂಬ ಇಷ್ಟದ ಪದ. ಆದರೆ ಮಕ್ಕಳು ಅದನ್ನು ಕೇಳಿರಲಿಲ್ಲ. ‘ಹಾಯಿಕಂಬ’ ಅಂದಾಗ ಯಾರೂ ತಡವರಿಸಲಿಲ್ಲ, ಅದನ್ನೇ ಇಟ್ಟುಕೊಂಡೆ.

ಸಿಕ್ಕಿಹಾಕಿಕೊಂಡದ್ದು ‘ವೆದರ್ ಗೇಜ್’ ಹತ್ತಿರ.

ಎರಡು ಹಡಗು ಎದುರಾದಾಗ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆ ಇರುವ ಹಡಗಿಗೆ ವೆದರ್ ಗೇಜ್ ಇದೆ ಅನ್ನುತ್ತಾರೆ. ಆ ಕಾಲದ ಯುದ್ಧಹಡಗು ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 65–70 ಡಿಗ್ರಿ ಓರೆಯಲ್ಲೇ ಹೋಗಬೇಕು. ಹಾಗಾಗಿ ಗಾಳಿ ಬರುವ ಕಡೆ ಇರುವವನು ಬೇಕಾದಾಗ ಎದುರಾಳಿಯ ಮೇಲೆ ಇಳಿದು ಬರಬಹುದು, ಬೇಡವೆಂದರೆ ದೂರ ಇರಬಹುದು. ಗಾಳಿ ಹೋಗುವ ಕಡೆ ಇರುವವನು ಕಾಯಬೇಕು.

ಇದಕ್ಕೆ ನಾನು ಮೊದಲು ಬರೆದದ್ದು ‘ಗಾಳಿಯ ಮೇಲುಗೈ’. ಕೇಳಲು ಚೆನ್ನಾಗಿದೆ ಅಂತ ಖುಷಿಪಟ್ಟಿದ್ದೆ. ಮುಂದಿನ ಭಾನುವಾರ ಅಕ್ಕನ ಮಗಳು ನಿಯಮ ಓದಿ, ‘ಮಾಮ, ಮೇಲುಗೈ ಅವರದು ಅಂತ ಬರೆದಿದ್ದೀಯಲ್ಲ, ಹಾಗಾದ್ರೆ ಶುರುವಿಗೇ ನಾನು ಸೋತ ಹಾಗಾ?’ ಅಂದಳು.

ಅವಳು ಕೇಳಿದ್ದು ಸರಿ. ಮೇಲುಗೈ ಅಂದರೆ ಗೆಲ್ಲುತ್ತಿರುವವನ ಸ್ಥಿತಿ. ವೆದರ್ ಗೇಜ್ ಅದಲ್ಲ, ಅದು ಒಂದು ಜಾಗ ಅಷ್ಟೇ. ಆ ಜಾಗಕ್ಕೆ ತೊಂದರೆಯೂ ಇದೆ. ಗಾಳಿ ಜೋರಾದರೆ ಹಡಗು ಗಾಳಿ ಹೋಗುವ ಕಡೆಗೆ ವಾಲುತ್ತದೆ. ಆಗ ಗಾಳಿ ಬರುವ ಕಡೆ ಇದ್ದವನ ಹಡಗು ಶತ್ರುವಿನ ಕಡೆಗೇ ವಾಲುತ್ತದೆ. ಕೆಳಗಿನ ಸಾಲಿನ ಫಿರಂಗಿ ಕಿಂಡಿಗಳು ನೀರಿನ ಹತ್ತಿರ ಬರುತ್ತವೆ. ಅವನ್ನು ತೆರೆದರೆ ಸಮುದ್ರ ಒಳಗೆ ಬರುತ್ತದೆ. ಅಲ್ಲಿರುವುದು ಹಡಗಿನ ಅತಿ ಭಾರದ ಫಿರಂಗಿಗಳು, ಅವೇ ಬಾಯಿ ಮುಚ್ಚಿಕೊಂಡಿರಬೇಕು. ಎದುರಿನವನಿಗೆ ಆ ಕಷ್ಟ ಇಲ್ಲ, ಅವನ ಫಿರಂಗಿ ಬದಿ ಮೇಲಕ್ಕೆ ಎದ್ದಿರುತ್ತದೆ. ಹಡಗು ಜಖಂ ಆದರೆ ಗಾಳಿಯ ಜೊತೆಗೇ ಸರಿದು ಹಡಗುಗಳ ಸಾಲಿನಿಂದ ಆಚೆ ಹೋಗುವುದೂ ಅವನಿಗೇ ಸುಲಭ. ಫ್ರೆಂಚರು ಎಷ್ಟೋ ಸಲ ಈ ಜಾಗವನ್ನೇ ಬಯಸುತ್ತಿದ್ದರು. ಅದನ್ನು ಕೀಳು ಅನ್ನುವುದು ಹೇಗೆ?

ಹೀಗೆ ಮೇಲುಗೈ ಹೋಯಿತು. ‘ಮೇಲ್ಗಾಳಿ’, ‘ಕೆಳಗಾಳಿ’ ಹಾಕಿ ನೋಡಿದೆ. ಓದಿದವರು ಮೇಲ್ಗಾಳಿ ಅಂದರೆ ಆಕಾಶದಲ್ಲಿ ಎತ್ತರಕ್ಕೆ ಬೀಸುವ ಗಾಳಿ ಅಂದುಕೊಂಡರು. ‘ಎದುರುಗಾಳಿ’ಗೆ ಬೇರೆಯೇ ಅರ್ಥ ಇದೆ. ಗಾಳಿ ಬರುವ ಬದಿ, ಗಾಳಿ ಹೋಗುವ ಬದಿ ಅಂದರೆ ಅರ್ಥವೇನೋ ಆಗುತ್ತದೆ. ಆದರೆ ಒಂದು ಆಟದಲ್ಲಿ ಆ ಮಾತನ್ನು ನಲವತ್ತು ಸಲ ಹೇಳಬೇಕು, ನಾಲಿಗೆ ಸೋಲುತ್ತದೆ.

ಉತ್ತರದ ಸುಳಿವು ಸಿಕ್ಕಿದ್ದು ಮನೆಯ ತಾರಸಿಯಲ್ಲಿ. ಗಾರೆ ಕೆಲಸದವರು ಬಂದಿದ್ದರು. ‘ನೀರಿಗೆ ವಾಟ ಸರಿಯಾಗಿಲ್ಲ ಸಾರ್’ ಅಂದರು. ವಾಟ! ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು, ಆದರೆ ನೀರಿಗೆ ಅದು ಗೊತ್ತು. ಗಾಳಿಗೂ ಅಂಥದೇ ಒಂದು ಇಳಿಜಾರು ಇದೆ ಅಂದುಕೊಂಡರೆ? ಸಮುದ್ರ ಸಮತಟ್ಟಾಗಿ ಕಂಡರೂ ಹಾಯಿಹಡಗಿಗೆ ಅದು ಸಮತಟ್ಟಲ್ಲ. ಒಂದು ಕಡೆ ಇಳಿದು ಹೋಗಬಹುದು, ಇನ್ನೊಂದು ಕಡೆಗೆ ಬಳಸಿ ಬಳಸಿ ಹತ್ತಬೇಕು. ಹಾಗಾಗಿ ‘ಮೇಲ್ವಾಟ’, ‘ಕೆಳವಾಟ’. ಇಲ್ಲಿ ‘ಮೇಲು’ ಅಂದರೆ ಹೆಚ್ಚುಗಾರಿಕೆ ಅಂತ ಯಾರಿಗೂ ಅನಿಸಲಾರದು. ಕೃಷ್ಣಾ ಮೇಲ್ದಂಡೆ ಯೋಜನೆ ಅಂದಾಗ ಅದು ಉಳಿದ ಯೋಜನೆಗಳಿಗಿಂತ ದೊಡ್ಡದು ಅಂತ ನಾವು ಓದುವುದಿಲ್ಲ ಅಲ್ವಾ? ನೀರು ಬರುವ ಕಡೆ ಅಂತಲೇ ಓದುತ್ತೇವೆ.

ಈ ಪದ ನಿಜವಾಗಿ ಕೆಲಸ ಮಾಡುತ್ತದೆಯೇ ಅಂತ ಒಂದು ಕಾಳಗದಲ್ಲಿ ಇಟ್ಟು ನೋಡಿದೆ. 1782ರ ಜುಲೈ 6, ನಾಗಪಟ್ಟಣದ ಎದುರಿನ ಸಮುದ್ರ. ಬ್ರಿಟಿಷರ ಎಡ್ವರ್ಡ್ ಹ್ಯೂಸ್, ಫ್ರೆಂಚರ ಸುಫ್ರೆನ್, ಇಬ್ಬರಿಗೂ ಹನ್ನೊಂದು ಹನ್ನೊಂದು ಹಡಗು. ನಮ್ಮ ಮಕ್ಕಳಿಗೆ ಈ ಕಾಳಗ ದೂರದ್ದಲ್ಲ. 1780ರ ಡಿಸೆಂಬರಿನಲ್ಲಿ ಮಂಗಳೂರಿಗೆ ಬಂದು ಹೈದರ್ ಅಲಿಯ ಹಡಗುಗಳನ್ನು ಹಾಳು ಮಾಡಿದವನು ಇದೇ ಹ್ಯೂಸ್. ಕಾಳಗದ ಇಪ್ಪತ್ತು ದಿನಕ್ಕೆ ಕಡಲೂರಿನಲ್ಲಿ ಸುಫ್ರೆನ್ ಹೈದರನನ್ನು ಭೇಟಿಯಾದ.

ಅವತ್ತು ಬೆಳಿಗ್ಗೆ ಗಾಳಿ ನೈರುತ್ಯದಿಂದ ಬೀಸುತ್ತಿತ್ತು, ಹ್ಯೂಸ್ ಮೇಲ್ವಾಟದಲ್ಲಿದ್ದ. ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ ಸಮುದ್ರದ ಗಾಳಿ ಎದ್ದು ದಿಕ್ಕೇ ಬದಲಾಯಿತು. ಎರಡೂ ಸಾಲುಗಳು ಚೆದುರಿಹೋದವು, ಕೆಲವು ಹಡಗುಗಳ ಮೂತಿ ಈ ಕಡೆ, ಕೆಲವುಗಳದು ಆ ಕಡೆ. ಮೇಜಿನ ಮೇಲೆ ರಟ್ಟಿನ ಬಾಣ ತಿರುಗಿಸಿದ ಕೂಡಲೇ ತಮ್ಮನ ಮಗ ‘ಅಯ್ಯೋ, ವಾಟವೇ ತಿರುಗಿಹೋಯ್ತು!’ ಅಂದ. ನಾನು ಹೇಳಿಕೊಟ್ಟಿರಲಿಲ್ಲ. ಮೇಲುಗೈ ತಿರುಗಿತು ಅಂತ ಯಾರಾದರೂ ಅನ್ನುತ್ತಾರಾ?

ಇದೇ ಕಾಳಗ ಇನ್ನೊಂದು ಪದವನ್ನೂ ಇತ್ಯರ್ಥ ಮಾಡಿತು. ಸೋಲೊಪ್ಪುವ ಹಡಗು ತನ್ನ ಬಾವುಟ ಇಳಿಸುತ್ತದೆ. ಅದನ್ನು ನಾನು ಸುಮ್ನೆ ‘ಶರಣಾಗು’ ಅಂತ ಬರೆದಿದ್ದೆ. ಆದರೆ ಅವತ್ತು ಫ್ರೆಂಚರ ಸೆವೇರ್ ಹಡಗಿನ ಕಪ್ತಾನ ಬಾವುಟ ಇಳಿಸಲು ಹೇಳಿದ, ಅವನ ಕೈಕೆಳಗಿನ ಅಧಿಕಾರಿಗಳು ಒಪ್ಪದೆ ಅದನ್ನು ಮತ್ತೆ ಏರಿಸಿ ಗುಂಡು ಹಾರಿಸಿದರು. ಬಾವುಟ ಇಳಿದಿತ್ತು, ಹಡಗು ನಮ್ಮದು ಅಂತ ಹ್ಯೂಸ್ ಆಮೇಲೆ ಕೇಳಿದ. ಸುಫ್ರೆನ್ ಕೊಡಲಿಲ್ಲ. ‘ಶರಣಾಗು’ ಅಂತ ಬರೆದರೆ ಈ ಜಗಳವನ್ನು ಹೇಳಲಿಕ್ಕೇ ಆಗುವುದಿಲ್ಲ. ಹಾಗಾಗಿ ‘ಬಾವುಟ ಇಳಿಸು’ ಅಂತಲೇ ಇರಲಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಒಂದು ಬದಿಯ ಫಿರಂಗಿಗಳೆಲ್ಲ ಒಟ್ಟಿಗೆ ಹಾರಿದರೆ ‘ಮಗ್ಗುಲುಗುಂಡು’. ಹಡಗು ತಿರುಗಿ ಇನ್ನೊಂದು ಬದಿ ತೋರಿಸಿದರೆ ‘ಮಗ್ಗುಲು ಬದಲಿಸಿತು’ ಅನ್ನಬಹುದು, ಅದು ಕನ್ನಡದಲ್ಲಿ ತಾನಾಗಿ ಬರುತ್ತದೆ. ಮೂತಿಯನ್ನು ಗಾಳಿಗೆ ಹಾಯಿಸಿ ತಿರುಗುವುದು ‘ಮೋರೆ ತಿರುವು’, ಬಾಲವನ್ನು ಗಾಳಿಗೆ ಹಾಯಿಸಿ ತಿರುಗುವುದು ‘ಬೆನ್ನು ತಿರುವು’. ಎದುರಾಳಿಯ ಹಿಂಬದಿಗೆ ಹೋಗಿ ಉದ್ದಕ್ಕೂ ಗುಂಡು ಹೊಡೆಯುವುದಕ್ಕೆ ‘ಉದ್ದಸೀಳು’ ಅಂದಿದ್ದೇನೆ. ಹಿಂಬದಿಯಲ್ಲಿ ಗಾಜಿನ ಕಿಟಕಿಗಳೇ ಜಾಸ್ತಿ, ದಪ್ಪ ಮರ ಇಲ್ಲ. ಅಲ್ಲಿ ಹೊಕ್ಕ ಗುಂಡು ಆ ತುದಿಯವರೆಗೂ ಹೋಗುತ್ತದೆ. 1805ರಲ್ಲಿ ಟ್ರಫಾಲ್ಗರ್ ಕಾಳಗದಲ್ಲಿ ಬ್ರಿಟಿಷರ ನೆಲ್ಸನ್‌ನ ವಿಕ್ಟರಿ ಹಡಗು ಫ್ರೆಂಚರ ಬ್ಯೂಸಾಂಟೋರ್ ಹಡಗಿಗೆ ಮಾಡಿದ್ದು ಅದನ್ನೇ. ಸೌದೆಯನ್ನು ಎಳೆಯ ಉದ್ದಕ್ಕೆ ಸೀಳಿದವರಿಗೆ ಈ ಪದ ಕೂಡಲೇ ಹಿಡಿಸುತ್ತದೆ ಅನಿಸುತ್ತದೆ.

ಈಗ ನನ್ನ ಪ್ರಶ್ನೆ, ಮುಖ್ಯವಾಗಿ ಕರಾವಳಿಯವರಿಗೆ. ಮೇಲ್ವಾಟ, ಕೆಳವಾಟ ಬಯಲುಸೀಮೆಯ ತಾರಸಿಯಲ್ಲಿ ಹುಟ್ಟಿದ ಪದ. ಕಾರವಾರ, ಕುಂದಾಪುರ, ಮಲ್ಪೆ, ಮಂಗಳೂರಿನ ಬಂದರಿನಲ್ಲಿ ಹಾಯಿ ಕಟ್ಟಿದ ಮಂಜಿ, ಪತ್ತೆಮಾರಿಗಳಲ್ಲಿ ದುಡಿದ ಹಿರಿಯರು ದಿನಾ ಇದನ್ನು ಏನೋ ಒಂದು ಹೆಸರಿನಿಂದ ಕರೆದೇ ಇರುತ್ತಾರೆ. ಗಾಳಿ ಬರುವ ಬದಿ, ಹೋಗುವ ಬದಿ ಗೊತ್ತಿಲ್ಲದೆ ಹಾಯಿ ತಿರುಗಿಸಲು ಆಗುವುದಿಲ್ಲವಲ್ಲ. ಕನ್ನಡವೋ, ತುಳುವೋ, ಕೊಂಕಣಿಯೋ, ಬ್ಯಾರಿಯೋ, ಯಾವುದಾದರೂ ಸರಿ. ನಿಮ್ಮ ಅಜ್ಜನ ಬಾಯಲ್ಲಿ ಕೇಳಿದ ಪದ ನೆನಪಿದ್ದರೆ ಅದನ್ನು ಯಾವ ಮಾತಿನಲ್ಲಿ, ಯಾವಾಗ ಹೇಳುತ್ತಿದ್ದರು ಅನ್ನುವುದನ್ನೂ ಸೇರಿಸಿ ಬರೆಯಿರಿ. ಅಂಥ ಪದ ಸಿಕ್ಕ ದಿನವೇ ವಾಟವನ್ನು ತೆಗೆದು ಅದನ್ನು ಹಾಕುತ್ತೇನೆ.