[ಪದಚರ್ಚೆ] ಸೈಡಿಂಗ್ ಮೇಲೆ ಏಳೋ ಬಿಳಿ ಪುಡಿಗೆ ಏನಂತೀರಿ? ತುರ್ತು

ಎಲ್ರಿಗೂ ನಮಸ್ಕಾರ. ಒಂದು ಕರಪತ್ರ ಅನುವಾದ ಮಾಡ್ತಿದೀನಿ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು. ಮನೆ ಹೊರಗೋಡೆಗೆ ಹೊದಿಸೋ ವಿನೈಲ್ (ಅಂದ್ರೆ ಪ್ಲಾಸ್ಟಿಕ್), ಅಲ್ಯೂಮಿನಿಯಂ ಸೈಡಿಂಗ್ ಬಗ್ಗೆ. ಬಿಸಿಲಿಗೆ ಅದು ಮಂಕಾಗಿ, ಸವರಿದ್ರೆ ಕೈಗೆ ಬಿಳಿ ಪುಡಿ ಅಂಟುತ್ತಲ್ಲ, ಮೂಲದಲ್ಲಿ ಅದನ್ನ ಒಂದ್ಕಡೆ ಆಕ್ಸಿಡೇಷನ್, ಇನ್ನೊಂದ್ಕಡೆ ಚಾಕಿಂಗ್ ಅಂದಿದಾರೆ. ಆಕ್ಸಿಡೇಷನ್ನಿಗೆ ನಿಘಂಟಲ್ಲಿ ಉತ್ಕರ್ಷಣ ಅಂತಿದೆ. ಜೊತೆಗೆ ಎರಡು ಹೆಡಿಂಗ್ ಬೇಕು, ರೆಸ್ಟೋರೇಷನ್ನಿಗೆ ಒಂದು ರೀಪೇಂಟಿಂಗಿಗೆ ಒಂದು. "ಬಣ್ಣ ಮರಳಿಸುವುದು", "ಮರಳಿ ಬಣ್ಣ ಹೊಡೆಯುವುದು" ಅಂತ ಬರೆದು ತೋರಿಸಿದೆ, ಎರಡೂ ಒಂದೇ ಅಲ್ವಾ ಅಂದ್ರು.
– ಸು.

ತುಕ್ಕು ಅನ್ನಿ, ಮುಗೀತು. ಹೆಡಿಂಗಿಗೆ ಮರುಮೆರುಗು, ಮರುಬಣ್ಣ. ಜೀರ್ಣೋದ್ಧಾರ ಪುನಶ್ಚೇತನ ಅಂತೆಲ್ಲ ಸಂಸ್ಕೃತದ ಮೂಟೆ ಹೊರಿಸ್ಬೇಡಿ. ಅಚ್ಚಗನ್ನಡದಲ್ಲಿ ಇರುವಾಗ ಎರವಲು ಯಾಕೆ.
– ವೆಂ.

ತುಕ್ಕು ಕಬ್ಬಿಣಕ್ಕೆ, ಕಿಲುಬು ತಾಮ್ರ ಹಿತ್ತಾಳೆಗೆ. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಸಿದವರು ನೀವೇ ಮೊದಲಿರಬೇಕು.

ಮೇಡಂ, ಉತ್ಕರ್ಷಣವೂ ಬೇಡ, ಗೋಡೆಗೆ ಏನೋ ಉತ್ಕರ್ಷ ಬಂದಿದೆ ಅಂದ್ಕೋತಾರೆ ಜನ. ಅಲ್ಲಿ ಆಗೋದು ಏನಂದ್ರೆ ಬಣ್ಣದ ಕಣಗಳನ್ನ ಹಿಡಿದಿಟ್ಟಿರೋ ಅಂಟು ಬಿಸಿಲಿನ ಯುವಿ ಕಿರಣಕ್ಕೂ ಗಾಳಿಯ ಆಮ್ಲಜನಕಕ್ಕೂ ಸಿಕ್ಕಿ ಸವೆಯುತ್ತೆ, ಕಣಗಳು ಸಡಿಲ ಆಗಿ ಮೇಲೆ ಉಳ್ಕೊಳ್ತವೆ, ಅದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ವಸ್ತುವೇ ಜಾಸ್ತಿ ಅದಕ್ಕೇ ಬಿಳಿ. ಅಲ್ಯೂಮಿನಿಯಮ್ಮಲ್ಲೂ ಪುಡಿಯಾಗೋದು ಮೇಲಿನ ಬಣ್ಣ, ಲೋಹ ಅಲ್ಲ. ವಿನೈಲಲ್ಲಿ ಬೇರೆ ಬಣ್ಣದ ಪದರವೇ ಇಲ್ಲ, ಆ ಪಿವಿಸಿ ಪ್ಲಾಸ್ಟಿಕ್ಕಿನ ಮೈಯೇ ಹಾಗಾಗುತ್ತೆ. ಇದಕ್ಕೆ "ಸುಣ್ಣ ಬಿಡುವುದು" ಸರಿಯಾಗಿ ಕೂರುತ್ತೆ. ಸುಣ್ಣ ಬಂದಿದ್ದೇ ಚೂರ್ಣದಿಂದ, ಚೂರ್ಣ ಅಂದ್ರೆ ಪುಡಿ. ಪದ ತನ್ನ ಹಳೇ ಅರ್ಥಕ್ಕೆ ವಾಪಸ್ ಹೋದ ಹಾಗಾಯ್ತು, ಇದಕ್ಕಿಂತ ಚೆಂದದ್ದು ಸಿಗಲ್ಲ.
– ರಾ.

ತದ್ಭವ ಅಂತ ನೀವೇ ಒಪ್ಕೊಂಡ್ರಲ್ಲ. ಬೇಡ.
– ವೆಂ.

ನಿಮ್ಮ ಮರುಬಣ್ಣದಲ್ಲಿರೋ ಬಣ್ಣ ಎಲ್ಲಿಂದ ಬಂತು ಸ್ವಾಮಿ? ವರ್ಣದಿಂದ. ಮೊದಲು ಅದನ್ನ ಹೊರಗೆ ಹಾಕಿ, ಆಮೇಲೆ ನನ್ನ ಸುಣ್ಣಕ್ಕೆ ಬನ್ನಿ.
– ರಾ.

ಇಬ್ರೂ ಸ್ವಲ್ಪ ಆ ಕರಪತ್ರ ಓದೋರನ್ನ ನೆನೆಸ್ಕೊಳ್ಳಿ. ಸುಣ್ಣ ಅಂದ ತಕ್ಷಣ ಯಾರೋ ಗೋಡೆಗೆ ಸುಣ್ಣ ಹೊಡೆದಿದಾರೆ ಅಂತಾನೇ ಅರ್ಥ ಆಗೋದು, ಚೂರ್ಣ ಯಾರಿಗೂ ಹೊಳೆಯಲ್ಲ. "ಬಿಳಿ ಪುಡಿ ಬಿಡುವುದು" ಅಂತ ಬರೀರಿ ಸಾಕು. ಹೆಡಿಂಗಿಗೆ "ಹಳೇ ಬಣ್ಣ ಎಬ್ಬಿಸುವುದು" ಅನ್ನೋಣ ಅಂತಿದ್ದೆ, ಆದ್ರೆ ಬಣ್ಣ ಎದ್ದಿದೆ ಅಂದ್ರೆ ಸಿಪ್ಪೆ ಕಿತ್ತಿದೆ ಅಂತ, ಪೂರ್ತಿ ಉಲ್ಟಾ. ಅದಕ್ಕೇ "ಹಳೇ ಬಣ್ಣ ಉಳಿಸಿಕೊಳ್ಳುವುದು", "ಹೊಸ ಬಣ್ಣ ಹೊಡೆಸುವುದು". ವ್ಯತ್ಯಾಸ ಇರೋದೂ ಅಲ್ಲೇ ತಾನೇ, ನೀರು ಚಿಮುಕಿಸಿ ನೋಡಿದಾಗ ಒದ್ದೆ ಜಾಗದಲ್ಲಿ ಮೊದಲಿನ ಬಣ್ಣ ಗಾಢವಾಗಿ ಕಂಡ್ರೆ ಅದಿನ್ನೂ ಇದೆ, ಪುಡಿ ತೊಳೆದು ಮೇಲೊಂದು ಪಾರದರ್ಶಕ ಕೋಟಿಂಗ್ ಕೊಟ್ರೆ ಕಳೆ ಬರುತ್ತೆ, ಪದರವೇ ಸವೆದು ಕಿತ್ತು ಹೋಗಿದ್ರೆ ಉಳಿಸಿಕೊಳ್ಳೋಕೆ ಏನೂ ಇಲ್ಲ. ಹೊಸ ಬಣ್ಣಕ್ಕೂ ಮೊದಲು ಪುಡಿ ತೊಳೀಲೇಬೇಕು ಇಲ್ಲಾಂದ್ರೆ ಅದು ಪುಡಿ ಮೇಲೇ ಕೂತು ಆಮೇಲೆ ಏಳುತ್ತೆ, ಹಾಗಾಗಿ ಪುಡಿಯ ಪದ ಎರಡೂ ಕಡೆ ಒಂದೇ ಇರಲಿ.
– ಜ.

ತುಂಬಾ ಥ್ಯಾಂಕ್ಸ್ ಮೇಡಂ, ಎರಡೂ ಹೆಡಿಂಗ್ ಹಾಗೇ ಹಾಕಿದೆ. ಇನ್ನೊಂದೇ ಒಂದು, ವಿನೈಲಿಗೆ ಮೊದಲಿಗಿಂತ ಗಾಢ ಬಣ್ಣ ಹೊಡೆದ್ರೆ ಬಿಸಿಲಿಗೆ ಕಾದು ವಾರ್ಪ್ ಆಗುತ್ತೆ ಅಂತಿದೆ. ಅದಕ್ಕೆ?
– ಸು.

ಸೊಟ್ಟಗಾಗುತ್ತೆ.
– ಜ.

ಸೈಡಿಂಗು, ಕೋಟಿಂಗು, ವಿನೈಲು. ಕನ್ನಡದ ಕರಪತ್ರ ಅಂತೆ. ಸೈಡಿಂಗಿಗೆ ಹೊರಹೊದಿಕೆ ಅನ್ನೋಕೆ ಏನು ಕಷ್ಟ?
– ವೆಂ.

ಹೊರಹೊದಿಕೆ ಚೆನ್ನಾಗೇ ಇದೆ, ಅಂಗಡಿಗೆ ಹೋಗಿ ಕೇಳಿದ್ರೆ ರಗ್ಗು ಕೊಡ್ತಾರೆ. ಅಂದ ಹಾಗೆ ಕರವೂ ಸಂಸ್ಕೃತ, ಪತ್ರವೂ ಸಂಸ್ಕೃತ. ಕಾಗದ ಅಂದ್ರೆ ಪಾರ್ಸಿ. ಏನು ಮಾಡ್ತೀರಿ?
– ರಾ.

ಕೈಹಾಳೆ. ಹುಡುಕೋ ಮನಸ್ಸಿದ್ರೆ ಸಿಗುತ್ತೆ.
– ವೆಂ.

ಮನಸ್ಸು ಯಾವ ಭಾಷೇದು?
– ರಾ.