ಫಜ್ಜಿ ಡ್ರಿಪ್ ಕಂಟ್ರೋಲರ್: ಮಣ್ಣು ಒದ್ದೆ ಇದ್ದರೂ ಔಟ್‌ಪುಟ್ 5 ನಿಮಿಷಕ್ಕಿಂತ ಇಳಿಯುತ್ತಿಲ್ಲ

ಮುಳಬಾಗಿಲು_ಡ್ರಿಪ್
ಕೋಲಾರದ ಕಡೆಯ ಟೊಮೆಟೊ ತೋಟಕ್ಕೆ ಇಎಸ್‌ಪಿ32 ಚಿಪ್ ಮೇಲೆ ಮಮ್ದಾನಿ ಮಾಡೆಲ್ (ಇನ್‌ಪುಟ್, ಔಟ್‌ಪುಟ್ ಎರಡೂ ‘ಒಣ’, ‘ಕಡಿಮೆ’ ಥರದ ಫಜ್ಜಿ ಗುಂಪು; ಪ್ರತಿ ಗುಂಪಿಗೂ 0ರಿಂದ 1ರವರೆಗೆ ಸದಸ್ಯತ್ವ). ಇನ್‌ಪುಟ್: ಮಣ್ಣಿನ ತೇವ (ಒಣ, ಹದ, ಒದ್ದೆ), ತಾಪಮಾನ (ತಂಪು, ಬೆಚ್ಚಗೆ, ಬಿಸಿ). ಔಟ್‌ಪುಟ್: ಡ್ರಿಪ್ ಬಿಡುವ ನಿಮಿಷ, 0–40. 9 ರೂಲ್, ಉತ್ತರಕ್ಕೆ ಸೆಂಟ್ರಾಯ್ಡ್ (ಔಟ್‌ಪುಟ್ ಆಕಾರದ ಗುರುತ್ವ ಕೇಂದ್ರ). ‘ಕಡಿಮೆ’ ತ್ರಿಕೋನ (ಶುರು, ತುದಿ, ಕೊನೆ: 0, 0, 15), ‘ಹೆಚ್ಚು’ (25, 40, 40). ಮಳೆ ಬಂದು ರೊಚ್ಚೆಯಾದರೂ 5ಕ್ಕಿಂತ ಕೆಳಗೆ ಬರಲ್ಲ, ಮಣ್ಣು ಧೂಳಾದರೂ 35 ದಾಟಲ್ಲ. ಜೊತೆಗೆ ತೇವದ ಸೆನ್ಸರ್ 4 ಅಂಶ ಆಚೀಚೆ ಆಡುತ್ತೆ, ಬೋರ್‌ವೆಲ್ ಪ್ರೆಶರ್ ಏರಿಳಿದು ಅದೇ ನಿಮಿಷಕ್ಕೆ ಬೀಳುವ ನೀರೂ ಬದಲಾಗುತ್ತೆ. ಟೈಪ್-2ಗೆ (ಸದಸ್ಯತ್ವವೇ ಒಂದು ಹರವಾಗಿರುವ ಫಜ್ಜಿಗೆ) ಹೋಗ್ಬೇಕಾ?

ಶಿರಾ_ಸಿಗ್ನಲ್
ಮೊದಲನೆಯದು ಬರೀ ಲೆಕ್ಕ. (0, 0, 15) ತ್ರಿಕೋನದ ಸೆಂಟ್ರಾಯ್ಡ್ 15/3 = 5. ಇನ್ನೊಂದು ತುದಿ (25+40+40)/3 = 35. ರೂಲ್ ಅರೆಬರೆ ಫೈರ್ ಆದರೆ (1ಕ್ಕಿಂತ ಕಡಿಮೆ ಬಲದಲ್ಲಿ ಅನ್ವಯಿಸಿದರೆ) ತುದಿ ಕತ್ತರಿಸಿ ಹೋಗಿ 7.5ರ ಕಡೆ ಜರುಗುತ್ತೆ. ತುದಿಯ ತ್ರಿಕೋನಗಳನ್ನು (-15, 0, 15), (25, 40, 55) ಮಾಡಿ, ಲೆಕ್ಕದ ವ್ಯಾಪ್ತಿಯನ್ನೂ -15ರಿಂದ 55ರವರೆಗೆ ಹಿಗ್ಗಿಸಿ. ಬರೀ ತ್ರಿಕೋನ ಬದಲಿಸಿ ವ್ಯಾಪ್ತಿ ಮರೆತರೆ ಮತ್ತೆ ಅದೇ 5.

ನನ್ನ ಕೇಳಿದರೆ ಸುಗೆನೊ ಮಾಡೆಲ್ ವಾಸಿ (ಪ್ರತಿ ರೂಲ್‌ಗೂ ತ್ರಿಕೋನದ ಬದಲು ಒಂದು ಸಂಖ್ಯೆ, ಉತ್ತರ ಅವುಗಳ ತೂಕದ ಸರಾಸರಿ): ಒಣ+ಬಿಸಿಗೆ 40, ಹದ+ಬೆಚ್ಚಗೆಗೆ 18, ಒದ್ದೆ ಇದ್ದರೆ ಯಾವ ತಾಪಮಾನಕ್ಕೂ 0. ರೂಲ್ 7ಕ್ಕೆ ಇಳಿಯುತ್ತೆ, ಇಂಟಿಗ್ರೇಶನ್ ಗೋಜೇ ಇಲ್ಲ.

ಗೌರಿಬಿದನೂರು_ಎಂಬೆಡೆಡ್
ಸೆನ್ಸರ್ ಆಟಕ್ಕೆ ಟೈಪ್-2 ಬೇಡ. ಅದು ಬೇಕಾಗೋದು ‘ಹದ’ ಅಂದರೆ ಎಷ್ಟು ಅನ್ನೋದರಲ್ಲೇ ರೈತರ ನಡುವೆ ಒಮ್ಮತ ಇಲ್ಲದಾಗ. ನಿಮಗೆ ನಾನ್-ಸಿಂಗಲ್‌ಟನ್ ಫಜ್ಜಿಫಿಕೇಶನ್ (ರೀಡಿಂಗನ್ನು ಒಂದೇ ಸಂಖ್ಯೆಯ ಬದಲು ಹರವಾಗಿ ತಗೊಳ್ಳೋದು) ಸಾಕು. ‘ಒಣ’ 12ರಲ್ಲಿ 1, 20ರಲ್ಲಿ 0 ಅಂದುಕೊಳ್ಳಿ. ರೀಡಿಂಗ್ 19 ಆದರೆ ಸದಸ್ಯತ್ವ 0.125. ಅದೇ ರೀಡಿಂಗನ್ನು (15, 19, 23) ತ್ರಿಕೋನ ಮಾಡಿ ಎರಡೂ ಕೂಡುವ ಅತಿ ಎತ್ತರದ ಬಿಂದು ತಗೊಳ್ಳಿ: (x−15)/4 = (20−x)/8, ಅಂದರೆ x = 16.67, ಸದಸ್ಯತ್ವ 0.42. ‘ಒಣ’ ರೂಲ್ ತಟಕ್ಕನೆ ಸಾಯಲ್ಲ, ಔಟ್‌ಪುಟ್ ಕುಣಿತ ತಗ್ಗುತ್ತೆ.

ಔಟ್‌ಪುಟ್ಟೂ ಒಂದು ಹರವಾಗಿ ಬೇಕಾದರೆ ಆಲ್ಫಾ-ಕಟ್ (ರೀಡಿಂಗ್ ತ್ರಿಕೋನವನ್ನು 0, 0.5, 1 ಎತ್ತರದಲ್ಲಿ ಅಡ್ಡ ಕತ್ತರಿಸೋದು): 15–23, 17–21, ಕೊನೆಗೆ 19. ಪ್ರತಿ ಮಟ್ಟದಲ್ಲೂ ಮಾಡೆಲ್ ಓಡಿಸಿ ಕನಿಷ್ಠ, ಗರಿಷ್ಠ ಬರೆದಿಡಿ. ಎರಡು ತುದಿಯಲ್ಲಿ ಮಾತ್ರ ಓಡಿಸಿದರೆ ಸಾಲದು. ರೂಲ್‌ಗಳು ಕ್ರಮವಾಗಿದ್ದರೂ ಮಮ್ದಾನಿ ಸೆಂಟ್ರಾಯ್ಡ್ ನಡುವೆ ಎಲ್ಲೋ ಉಬ್ಬಬಹುದು. ಹರವಿನುದ್ದಕ್ಕೂ 0.5 ಅಂಶಕ್ಕೊಂದು ಸಲ ಓಡಿಸಿಕೊಂಡು ಬನ್ನಿ.

ಶಿರಾ_ಸಿಗ್ನಲ್
ಪ್ರೆಶರನ್ನು ಮಾತ್ರ ಫಜ್ಜಿಗೆ ತುರುಕಬೇಡಿ. ಅಳೆಯಲು ಬರುವುದನ್ನು ಅಳೆಯೋದೇ ಸರಿ. ಸಾದಾ ಡ್ರಿಪ್ಪರ್‌ನಲ್ಲಿ ಹರಿವು ಸುಮಾರಾಗಿ ಪ್ರೆಶರ್‌ನ ವರ್ಗಮೂಲದಂತೆ ಹೋಗುತ್ತೆ: ಗಂಟೆಗೆ 4 ಲೀಟರಿನದು ಅರ್ಧ ಪ್ರೆಶರ್‌ಗೆ 2.8 ಲೀಟರ್. ಔಟ್‌ಪುಟ್ ನಿಮಿಷದ ಬದಲು ಲೀಟರ್ ಮಾಡಿ, ಲೈನಿಗೆ ಪಲ್ಸ್ ಕೊಡುವ ಫ್ಲೋ ಮೀಟರ್ ಹಾಕಿ, ಲೆಕ್ಕ ತುಂಬಿದಾಗ ವಾಲ್ವ್ ಮುಚ್ಚಿ. ಕರೆಂಟ್ ಹೋದರೆ ಎಷ್ಟು ಹರಿದಿತ್ತು ಅನ್ನೋದು ಫ್ಲ್ಯಾಶ್‌ನಲ್ಲಿ ಉಳಿದಿರಲಿ.

ಮುಳಬಾಗಿಲು_ಡ್ರಿಪ್
ಸುಗೆನೊ ಹಾಕಿದೆ, 0 ಬರ್ತಿದೆ. ಆದರೆ ತೇವ 36 ತೋರಿಸಿದಾಗ ವಾಲ್ವ್ ಮುಚ್ಚಲೇ ಇಲ್ಲ.

ಗೌರಿಬಿದನೂರು_ಎಂಬೆಡೆಡ್
‘ಒದ್ದೆ’ಯನ್ನು (20, 28, 35) ತ್ರಿಕೋನ ಮಾಡಿರಬೇಕು. 36ಕ್ಕೆ ಯಾವ ರೂಲೂ ಫೈರ್ ಆಗಲ್ಲ, 0/0, ಸಿಗೋದು NaN (‘ಸಂಖ್ಯೆ ಅಲ್ಲ’ ಅನ್ನೋ ಬೆಲೆ). ಅದರ ಜೊತೆ ಹೆಚ್ಚು, ಕಡಿಮೆ, ಸಮ ಅನ್ನೋ ಯಾವ ಹೋಲಿಕೆಯೂ ಸುಳ್ಳೇ, ಹಾಗಾಗಿ ‘ಹರಿದದ್ದು ಗುರಿ ಮೀರಿದರೆ ಮುಚ್ಚು’ ಅನ್ನೋ ಸಾಲು ಎಂದೂ ನಿಜವಾಗಲ್ಲ. 28ರಿಂದಾಚೆ 1ರಲ್ಲೇ ಸಪಾಟಾಗಿ ಬಿಡಿ, ‘ಒಣ’ದ ಕೆಳತುದಿಗೂ ಹಾಗೇ ಮಾಡಿ. ಭಾಗಿಸುವ ಮೊದಲು ಛೇದ 0.001ಕ್ಕಿಂತ ಕಡಿಮೆ ಇದ್ದರೆ ಔಟ್‌ಪುಟ್ 0 ಅಂತ ಒಂದು ಸಾಲು ಸೇರಿಸಿ.