ಪೈಥಾನ್‌ಗೆ ಮೊದಲ ಸ್ಥಾನ: ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಚಿತ್ರದುರ್ಗದ ಮಾವ: ನಾನು ಮೇಲೆ ಹಾಕಿರುವ ಟಿಯೋಬಿ ಪಟ್ಟಿಯನ್ನು, ಅಂದರೆ ಪ್ರೋಗ್ರಾಮಿಂಗ್ ಭಾಷೆಗಳ ಜನಪ್ರಿಯತೆಯ ಪಟ್ಟಿಯನ್ನು, ಎಲ್ಲರೂ ನೋಡಿ. ಪೈಥಾನ್ ಮೊದಲ ಸ್ಥಾನದಲ್ಲಿದೆ. ಪುಟ್ಟನನ್ನು ಜಾವಾ ತರಗತಿಗೆ ಸೇರಿಸಬೇಡಿ, ಅದರ ಕಾಲ ಮುಗಿಯಿತು.

ಅಕ್ಕ: ಮೊನ್ನೆಯೇ ವಿದ್ಯಾನಗರಕ್ಕೆ ಹೋಗಿ ಮೊದಲ ಕಂತು ಕಟ್ಟಿ ಬಂದೆವಲ್ಲ ಮಾವ!

ದೊಡ್ಡಪ್ಪ: ಹಿರಿಯರನ್ನು ಒಂದು ಮಾತು ಕೇಳಿ ಹಣ ಕಟ್ಟಬೇಕಿತ್ತು.

ನಾನು: ಮಾವ, ಆ ಪಟ್ಟಿ ಎಣಿಸುವುದು ಏನನ್ನು? ಗೂಗಲ್, ಬಿಂಗ್, ವಿಕಿಪೀಡಿಯ, ಅಮೆಜಾನ್ ಮುಂತಾದ ಕಡೆ ಒಂದು ಭಾಷೆಯ ಹೆಸರಿನ ಮುಂದೆ ‘ಪ್ರೋಗ್ರಾಮಿಂಗ್’ ಎಂದು ಸೇರಿಸಿ ಹುಡುಕಿದರೆ ಎಷ್ಟು ಫಲಿತಾಂಶಗಳಿವೆ ಎಂದು ತೋರಿಸುತ್ತದೆಯೋ, ಆ ಸಂಖ್ಯೆಯನ್ನೇ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಹತ್ತು ವರ್ಷದ ಹಿಂದೆ ಬರೆದು ಬಿಟ್ಟ ಪುಟವೂ ಅದರಲ್ಲಿ ಸೇರುತ್ತದೆ. ಅತಿ ಹೆಚ್ಚು ಸಾಲು ಬರೆಯಲಾದ ಭಾಷೆ ಯಾವುದೆಂದು ಈ ಪಟ್ಟಿ ಹೇಳುವುದಿಲ್ಲ ಎಂದು ಟಿಯೋಬಿಯವರೇ ಬರೆದುಕೊಂಡಿದ್ದಾರೆ.

ಚಿತ್ರದುರ್ಗದ ಮಾವ: ಹಾಗಾದರೆ ಜಗತ್ತೆಲ್ಲ ಅದನ್ನು ನೋಡುವುದೇಕೆ?

ನಾನು: ನೋಡಲಿ, ಆದರೆ ಇನ್ನೊಂದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2024ರಲ್ಲಿ ನಡೆಸಿದ ಸಮೀಕ್ಷೆಗೆ 65,000ಕ್ಕೂ ಹೆಚ್ಚು ಜನ ಉತ್ತರಿಸಿದ್ದರು. ಅಲ್ಲಿ ಜಾವಾಸ್ಕ್ರಿಪ್ಟ್ ಮೊದಲನೆಯದು, ಅದೇ ವರ್ಷ ಟಿಯೋಬಿಯಲ್ಲಿ ಅದು ಮೊದಲ ಐದರೊಳಗೂ ಇರಲಿಲ್ಲ. ಪಿವೈಪಿಎಲ್ ಎಂಬ ಇನ್ನೊಂದು ಜನಪ್ರಿಯತೆ ಪಟ್ಟಿಯವರು ಗೂಗಲ್‌ನಲ್ಲಿ ಭಾಷೆಯ ಟ್ಯುಟೋರಿಯಲ್ (ಕಲಿಕೆಯ ಪಾಠ) ಹುಡುಕುವವರನ್ನು ಎಣಿಸುತ್ತಾರೆ, ಅಂದರೆ ಕಲಿಯುವವರು ಕಾಣುತ್ತಾರೆ, ಕಲಿತು ದುಡಿಯುತ್ತಿರುವವರು ಅಷ್ಟಾಗಿ ಕಾಣುವುದಿಲ್ಲ. ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಲೆಕ್ಕಕ್ಕೂ ಮಿತಿಯಿದೆ: ಎಷ್ಟೋ ಬ್ಯಾಂಕುಗಳ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳಲ್ಲಿ ಇಂದಿಗೂ ಓಡುತ್ತಿರುವ, ಕೋಬಾಲ್ ಎಂಬ ಹಳೆಯ ಭಾಷೆಯ ಕೋಡ್ ಅಲ್ಲಿಗೆ ಬರುವುದೇ ಇಲ್ಲ.

ದೊಡ್ಡಪ್ಪ: ವಿಷಯ ಸರಿಯಿರಬಹುದಮ್ಮ, ಆದರೆ ಸೋದರಮಾವನಿಗೆ ಹೀಗೆ ಎದುರಾಡಬಾರದು.

ನಾನು: ಎದುರಾಡುತ್ತಿಲ್ಲ ದೊಡ್ಡಪ್ಪ. 2013ರಲ್ಲಿ ಐಫೋನ್ ಆ್ಯಪ್ ಬರೆಯುವ ಆಬ್ಜೆಕ್ಟಿವ್-ಸಿ ಭಾಷೆ ಇದೇ ಟಿಯೋಬಿ ಪಟ್ಟಿಯಲ್ಲಿ ಮೂರನೆಯದಾಗಿತ್ತು, ಅದಕ್ಕೂ ಹಿಂದಿನ ಎರಡು ವರ್ಷ ‘ವರ್ಷದ ಭಾಷೆ’ ಎನಿಸಿತ್ತು. ಮಾವ ಫೋನ್ ಮಾಡಿ ಹೇಳಿದರೆಂದು ನಾನು ಆರು ತಿಂಗಳು ಅದೊಂದನ್ನೇ ಕಲಿತೆ. 2014ರ ಜೂನ್‌ನಲ್ಲಿ ಆಪಲ್ ಅದರ ಜಾಗಕ್ಕೆ ಸ್ವಿಫ್ಟ್ ಎಂಬ ಹೊಸ ಭಾಷೆ ತಂದಿತು. ಪುಟ್ಟನಿಗೂ ಹಾಗಾಗಬಾರದು ಎಂಬುದಷ್ಟೇ ನನ್ನ ಕಳಕಳಿ.

ಚಿತ್ರದುರ್ಗದ ಮಾವ: ಕಲಿ ಎಂದಿದ್ದೆ, ಅದೊಂದನ್ನೇ ಕಲಿ ಎಂದಿರಲಿಲ್ಲ. ತಂಗಿಯ ಮದುವೆಯಲ್ಲಿ ಬೀಗರ ಎದುರಿಗೂ ನೀನು ಇದನ್ನೇ ಎತ್ತಿದ್ದೆ.

ಚಿಕ್ಕಮ್ಮನ ಮಗ: ಪಿ.ಜೆ. ಬಡಾವಣೆಯ ಕಂಪ್ಯೂಟರ್ ತರಗತಿ ನೆನಪಿದೆಯೇ ಅಕ್ಕ? ಸಿ ಭಾಷೆ ಬರೆಯುವ ಟರ್ಬೊ ಸಿ ತಂತ್ರಾಂಶದ ನೀಲಿ ಪರದೆಯ ಮುಂದೆ ಒಂದು ಕುರ್ಚಿಯಲ್ಲಿ ನೀನು, ಹಿಂದೆ ನಿಂತು ಸೆಮಿಕೋಲನ್ ಹುಡುಕುವ ನಾವಿಬ್ಬರು. ಮುಗಿಸಿ ಬರುವಾಗ ಮಂಡಕ್ಕಿ, ಮಿರ್ಚಿ. ಯಾವ ಪಟ್ಟಿಯನ್ನೂ ನೋಡದೆ ಕಲಿತದ್ದು ಈಗಲೂ ಅನ್ನ ಕೊಡುತ್ತಿದೆ.

ಅಕ್ಕ: ಈಗ ನಾನು ಏನು ಮಾಡಲಿ, ಅದನ್ನು ಹೇಳಿ.

ನಾನು: ಜಾವಾ ತರಗತಿ ಬಿಡಿಸಬೇಡ. ಅವರು ಎಸ್‌ಕ್ಯೂಎಲ್, ಅಂದರೆ ದತ್ತಾಂಶ ಕೋಶದಿಂದ ಮಾಹಿತಿ ಕೇಳಿ ಪಡೆಯುವ ಭಾಷೆ, ಕಲಿಸುತ್ತಾರೆಯೇ ಎಂದು ವಿಚಾರಿಸು. ದತ್ತಾಂಶವಿರುವ ಕಡೆಯಲ್ಲೆಲ್ಲ ಅದು ಬೇಕು. ಆದರೂ ಟಿಯೋಬಿಯವರು ಎಷ್ಟೋ ವರ್ಷ ಅದನ್ನು ಪಟ್ಟಿಯಿಂದ ಹೊರಗಿಟ್ಟು, 2018ರಲ್ಲಷ್ಟೇ ಮತ್ತೆ ಸೇರಿಸಿಕೊಂಡರು.

ಅಕ್ಕ: ಪಾಠಪಟ್ಟಿಯನ್ನೇ ಕೊಟ್ಟಿಲ್ಲ. ಎರಡನೇ ಕಂತು ಕಟ್ಟುವ ಮೊದಲು ಕೇಳಿ, ಫೋಟೋ ಇಲ್ಲಿ ಹಾಕುತ್ತೇನೆ.

ಚಿತ್ರದುರ್ಗದ ಮಾವ: ನನಗೂ ಪ್ರತ್ಯೇಕವಾಗಿ ಕಳಿಸು.